ವಾಲ್‌ರಸ್ ದಂತದ ಮೇಲೆ ನಿಂತ ಧರ್ಮಪ್ರಾಂತ್ಯ: ಗ್ರೀನ್‌ಲ್ಯಾಂಡಿನ ಗಾರ್ದರ್ ಮತ್ತು ಅದರ ಬಿಷಪ್‌ಗಳು

ಮಧ್ಯಯುಗದ ಬಿಷಪ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಊರು, ಎತ್ತರದ ಗೋಪುರ, ಜರಿ ಅಂಚಿನ ನಿಲುವಂಗಿ, ರಾಜನ ಪಕ್ಕದ ಕುರ್ಚಿ. ಕೊಲೋನ್, ಟೊಲೆಡೊ, ಕ್ಯಾಂಟರ್ಬರಿ ಅಂತ ಹೆಸರುಗಳು. ನಾನು ಇವತ್ತು ಆರಿಸಿಕೊಂಡಿರುವುದು ಅಂಥ ಜಾಗವಲ್ಲ. ಇಲ್ಲಿ ಊರೇ ಇರಲಿಲ್ಲ. ಪೇಟೆ ಇರಲಿಲ್ಲ, ನಾಣ್ಯ ಓಡಾಡುತ್ತಿರಲಿಲ್ಲ, ದ್ರಾಕ್ಷಿ ಬೆಳೆಯುತ್ತಿರಲಿಲ್ಲ, ದೊಡ್ಡ ಹಡಗು ಕಟ್ಟುವಂಥ ಮರವೂ ಇರಲಿಲ್ಲ. ಕೆಥೋಲಿಕ್ ಪೂಜೆಗೆ ಏನು ಬೇಕು? ಗೋಧಿ ರೊಟ್ಟಿ, ದ್ರಾಕ್ಷಾರಸ. ಎರಡಕ್ಕೂ ಹಡಗನ್ನೇ ಕಾಯಬೇಕು. ಆದರೂ ಅಲ್ಲಿ ಒಂದು ಪ್ರಧಾನಾಲಯ, ಅಂದರೆ ಬಿಷಪ್ ಪೀಠದ ಮುಖ್ಯ ಚರ್ಚ್, ಇತ್ತು. ಬಿಷಪ್ ಇದ್ದರು. ಸುಮಾರು 250 ವರ್ಷ ಒಬ್ಬರಾದ ಮೇಲೆ ಒಬ್ಬರು ಅಲ್ಲಿಗೆ ಬಂದರು. ಆ ಜಾಗದ ಹೆಸರು ಗಾರ್ದರ್. ಇರುವುದು ಗ್ರೀನ್‌ಲ್ಯಾಂಡಿನ ದಕ್ಷಿಣದಲ್ಲಿ, ಈಗ ಇಗಾಲಿಕು ಅನ್ನುವ ಪುಟ್ಟ ಹಳ್ಳಿ.

ಮೊದಲು ಜಾಗ ನೋಡೋಣ. ಸುಮಾರು 985ರ ಹೊತ್ತಿಗೆ ಕೆಂಪು ಎರಿಕ್ ಅನ್ನುವವನು ಐಸ್‌ಲ್ಯಾಂಡಿನಿಂದ ಜನರನ್ನು ಕರೆದುಕೊಂಡು ಬಂದು ಇಲ್ಲಿ ನೆಲೆಯೂರಿದ. ಎರಡು ವಸಾಹತುಗಳಾದವು. ಒಂದಕ್ಕೆ ಪೂರ್ವ ವಸಾಹತು, ಇನ್ನೊಂದಕ್ಕೆ ಪಶ್ಚಿಮ ವಸಾಹತು ಅಂತ ಹೆಸರು. ತಮಾಷೆ ಏನೆಂದರೆ ಎರಡೂ ಇದ್ದದ್ದು ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲೇ. ಒಂದು ದಕ್ಷಿಣದ ತುದಿಯ ಹತ್ತಿರ, ಇನ್ನೊಂದು ಈಗಿನ ನೂಕ್ ಪಟ್ಟಣದ ಆಸುಪಾಸು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದರಿಂದ ಒಬ್ಬ ಪಾದ್ರಿ ದಾರಿ ತಪ್ಪುತ್ತಾನೆ. ಎರಡೂ ಸೇರಿ ಜನಸಂಖ್ಯೆ ಎಷ್ಟಿತ್ತು? ಎರಡು-ಮೂರು ಸಾವಿರ ಅನ್ನುವುದು ಈಗಿನವರ ಅಂದಾಜು. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯ ಜನ, ಅಷ್ಟೇ.

ಕ್ರೈಸ್ತ ಧರ್ಮ ಬಂದದ್ದು 1000ದ ಆಸುಪಾಸಿನಲ್ಲಿ. ಎರಿಕ್‌ನ ಮಗ ಲೈಫ್ ತಂದ ಅಂತ ಸಾಗಾ ಅನ್ನುವ ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಗಳು ಹೇಳುತ್ತವೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ಅಮ್ಮ ಥ್ಯೋದ್‌ಹಿಲ್ಡ್ ಮಾತ್ರ ಕೂಡಲೇ ಒಪ್ಪಿಕೊಂಡಳು, ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಚರ್ಚ್ ಕಟ್ಟಿಸಿದಳು. ಗಂಡ ಧರ್ಮ ಬದಲಿಸುವ ತನಕ ಅವನ ಜೊತೆ ಮಲಗುವುದಿಲ್ಲ ಅಂತಲೂ ಹೇಳಿದಳಂತೆ. ಸಾಗಾದಲ್ಲಿ ಇದರ ಮುಂದೆ ಒಂದು ವಾಕ್ಯ ಇದೆ, ಎರಿಕ್‌ಗೆ ಇದರಿಂದ ತುಂಬ ಬೇಸರವಾಯಿತು ಅಂತ. ಕಥೆ ಅಂತ ಪಕ್ಕಕ್ಕೆ ಇಟ್ಟುಬಿಡಬಹುದಿತ್ತು. ಆದರೆ 1961ರಲ್ಲಿ ಅಲ್ಲಿ ಶಾಲೆಯ ಹಾಸ್ಟೆಲ್‌ಗೆ ಪಾಯ ಅಗೆಯುವಾಗ ತಲೆಬುರುಡೆಗಳು ಸಿಕ್ಕವು. ಇನ್ನೂ ಅಗೆದರೆ ಒಂದು ಪುಟ್ಟ ಚರ್ಚಿನ ಗುರುತು, ಸುತ್ತ ನೂರಕ್ಕೂ ಜಾಸ್ತಿ ಸಮಾಧಿಗಳು. ಆ ಚರ್ಚಿನ ಒಳಗೆ ಎರಡು ಮೀಟರ್ ಅಗಲ, ಮೂರೂವರೆ ಮೀಟರ್ ಉದ್ದ. ಒಂದಿಪ್ಪತ್ತು ಜನ ಒತ್ತಿಕೊಂಡು ನಿಂತರೆ ತುಂಬಿಹೋಗುತ್ತದೆ.

ಬರೀ ಚರ್ಚ್ ಇದ್ದರೆ ಸಾಲದು. ಪಾದ್ರಿಗೆ ದೀಕ್ಷೆ ಕೊಡಲು ಬಿಷಪ್ ಬೇಕು. ಚರ್ಚನ್ನು ಪ್ರತಿಷ್ಠೆ ಮಾಡಲು ಬಿಷಪ್ ಬೇಕು. 1121ರಲ್ಲಿ ಎರಿಕ್ ಗ್ನೂಪ್ಸನ್ ಅನ್ನುವ ಒಬ್ಬ ‘ಗ್ರೀನ್‌ಲ್ಯಾಂಡ್ ಬಿಷಪ್’ ವಿನ್‌ಲ್ಯಾಂಡ್ ಹುಡುಕಿಕೊಂಡು ಹೋದ ಅಂತ ಐಸ್‌ಲ್ಯಾಂಡಿನ ವಾರ್ಷಿಕ ದಾಖಲೆಗಳಲ್ಲಿ ಒಂದೇ ಒಂದು ಸಾಲು ಇದೆ. ವಿನ್‌ಲ್ಯಾಂಡ್ ಅಂದರೆ ಉತ್ತರ ಅಮೆರಿಕದ ಕರಾವಳಿ. ಹೋದವನ ಸುದ್ದಿ ಮತ್ತೆ ಬರಲಿಲ್ಲ. ಅದಾದ ಮೇಲೆಯೇ ಜನ ಸೇರಿ ನಮಗೆ ನಮ್ಮದೇ ಬಿಷಪ್ ಬೇಕು ಅಂತ ತೀರ್ಮಾನ ಮಾಡಿದ್ದು.

ಈ ತೀರ್ಮಾನದ ಕಥೆ ನನಗೆ ತುಂಬ ಇಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಗ ಅಲ್ಲಿನ ದೊಡ್ಡ ಮನುಷ್ಯ ಸೊಕ್ಕಿ. ಎರಿಕ್ ಇದ್ದ ಬ್ರಾತ್ತಾಹ್ಲಿದ್ ಜಮೀನೇ ಇವನ ಮನೆ. ಸಭೆ ಕರೆದು ಎಲ್ಲರನ್ನೂ ಒಪ್ಪಿಸಿದ. ಮಗ ಐನಾರ್‌ನನ್ನು ನಾರ್ವೆಗೆ ಕಳಿಸಿದ. ಬರಿಗೈಲಿ ಹೋಗಲು ಆಗುತ್ತದಾ? ಐನಾರ್ ಹಡಗಿಗೆ ತುಂಬಿಕೊಂಡದ್ದು ವಾಲ್‌ರಸ್ ದಂತ, ವಾಲ್‌ರಸ್ ಚರ್ಮ. ವಾಲ್‌ರಸ್ ಅಂದರೆ ಉತ್ತರದ ಹಿಮಕಡಲಿನ, ಉದ್ದ ಕೋರೆಹಲ್ಲಿನ ದೊಡ್ಡ ಪ್ರಾಣಿ. ಜೊತೆಗೆ ರಾಜ ಸಿಗುರ್ಡ್‌ಗೆ ಅಂತ ಒಂದು ಜೀವಂತ ಹಿಮಕರಡಿ! ರಾಜ ಆರ್ನಾಲ್ಡ್ ಅನ್ನುವ ಪಾದ್ರಿಯನ್ನು ಕರೆದು ಹೋಗಯ್ಯಾ ಅಂದ. ಆರ್ನಾಲ್ಡ್‌ಗೆ ಸುತರಾಂ ಮನಸ್ಸಿಲ್ಲ. ಬಂಧುಬಳಗ ಬಿಟ್ಟು ಹೋಗಬೇಕು, ಆ ಜನ ಬೇರೆ ಒರಟರು. ಕೊನೆಗೆ ಒಪ್ಪಿಕೊಂಡ, ಒಂದು ಷರತ್ತಿನ ಮೇಲೆ. ಬಿಷಪ್ ಪೀಠದ ಆಸ್ತಿಯನ್ನು, ಹಕ್ಕನ್ನು ಕಾಯುತ್ತೇನೆ ಅಂತ ಐನಾರ್ ಆಣೆ ಮಾಡಬೇಕು. ಐನಾರ್ ಆಣೆ ಮಾಡಿದ. 1124ರಲ್ಲಿ ಲುಂಡ್‌ನ ಆರ್ಚ್‌ಬಿಷಪ್ ಆಸ್ಸರ್ ಇವನಿಗೆ ದೀಕ್ಷೆ ಕೊಟ್ಟರು.

ದಾರಿಯಲ್ಲಿ ಐಸ್‌ಲ್ಯಾಂಡಿನಲ್ಲಿ ಒಂದು ಚಳಿಗಾಲ ಕಳೆಯಬೇಕಾಯಿತು. ಅಲ್ಲಿ ಒಂದು ಚಿಕ್ಕ ಪ್ರಸಂಗ ಬರುತ್ತದೆ. ಪಯಣದ ನಡುವೆ ಒಂದು ಹೊಲದ ಮನೆ ಹತ್ತಿರ ಎಲ್ಲರೂ ಕೂತಿದ್ದಾರೆ. ಒಬ್ಬ ಹೆಂಗಸು ಉಣ್ಣೆ ಬಾಚುವ ಬಾಚಣಿಗೆ ಹಿಡಿದುಕೊಂಡು ಬರುತ್ತಾಳೆ. ಅದರ ಒಂದು ಹಲ್ಲು ಸಡಿಲವಾಗಿದೆ. ಎದುರಿಗೆ ಕೂತವನು ಬಿಷಪ್ ಅಂತ ಅವಳಿಗೆ ಗೊತ್ತಿಲ್ಲ. ಇದನ್ನು ಸ್ವಲ್ಪ ಗಟ್ಟಿ ಮಾಡಿಕೊಡುತ್ತೀಯಾ ಅಂತ ಕೇಳುತ್ತಾಳೆ. ಬಿಷಪ್ ತೆಗೆದುಕೊಂಡು ಅಚ್ಚುಕಟ್ಟಾಗಿ ರಿಪೇರಿ ಮಾಡಿಕೊಡುತ್ತಾನೆ. ಇದು ನಿಜವಾಗಿ ನಡೆಯಿತೋ ಇಲ್ಲವೋ, ಕಥೆ ಹೇಳಿದವರಿಗೆ ತಮ್ಮ ಬಿಷಪ್ ಹೀಗಿರಬೇಕು ಅನ್ನುವ ಆಸೆ ಇತ್ತು ಅನ್ನುವುದಂತೂ ನಿಜ.

1126ರಲ್ಲಿ ಆರ್ನಾಲ್ಡ್ ಗಾರ್ದರ್‌ಗೆ ಬಂದು ಸೇರಿದ. ಅವನ ಜೊತೆ ಹೊರಟಿದ್ದ ಇನ್ನೊಂದು ಹಡಗು ಮಾತ್ರ ಬರಲೇ ಇಲ್ಲ. ಅದರಲ್ಲಿದ್ದದ್ದು ಆರ್ನ್‌ಬ್ಯೋರ್ನ್ ಅನ್ನುವ ನಾರ್ವೆಯವನು ಮತ್ತು ಅವನ ಕಡೆಯವರು. ವರ್ಷಗಳಾದ ಮೇಲೆ ಬೇಟೆಗೆ ಹೋದವರಿಗೆ ಜನವಸತಿ ಇಲ್ಲದ ಒಂದು ಕಡೆ ಆ ಹಡಗು ಸಿಕ್ಕಿತು. ಪಕ್ಕದಲ್ಲಿ ಒಂದು ಗುಡಿಸಲು, ಒಳಗೆ ಹೆಣಗಳು. ಬೇಟೆಗಾರರು ಏನು ಮಾಡಿದರು ಗೊತ್ತಾ? ಸತ್ತವರದ್ದೇ ಹಂಡೆಗಳಲ್ಲಿ ಹೆಣಗಳನ್ನು ಬೇಯಿಸಿ, ಮಾಂಸ ಬಿಡಿಸಿ, ಮೂಳೆಗಳನ್ನು ಮಾತ್ರ ಗಾರ್ದರ್‌ಗೆ ತಂದರು. ಕೇಳಲು ಭಯಂಕರ. ಆದರೆ ಅವರ ದೃಷ್ಟಿಯಲ್ಲಿ ಅದು ಪುಣ್ಯದ ಕೆಲಸ. ಚರ್ಚಿನ ನೆಲದಲ್ಲಿ ಹೂಳಬೇಕು, ದೋಣಿಯಲ್ಲಿ ಅಷ್ಟು ಹೆಣ ಹಿಡಿಸುವುದಿಲ್ಲ, ಇನ್ನೇನು ಮಾಡುವುದು? ಅಲ್ಲಿನ ಕಾನೂನಿನಂತೆ ಸರಕು ಕಂಡುಹಿಡಿದವರಿಗೆ ಹಂಚಿಹೋಯಿತು. ಚೆಂದದ ಆ ಹಡಗು ಮಾತ್ರ ಸತ್ತವರ ಆತ್ಮಕ್ಕೆ ಅಂತ ಬಿಷಪ್ ಪೀಠಕ್ಕೆ ಹೋಯಿತು.

ಮುಂದಿನದನ್ನು ಊಹಿಸಬಹುದು. ಸತ್ತವನ ಸೋದರಳಿಯ ಓಜುರ್ ಬಂದು ನಮ್ಮ ಆಸ್ತಿ ಕೊಡಿ ಅಂದ. ಬಿಷಪ್ ಕೊಡಲಿಲ್ಲ. ಸಭೆಯಲ್ಲೂ ಓಜುರ್ ಸೋತ. ಸಿಟ್ಟಿನಲ್ಲಿ ಹೋಗಿ ಹಡಗಿನ ಹಲಗೆ ಕಡಿದು ಹಾಕಿದ. ಬಿಷಪ್ ಐನಾರ್‌ಗೆ ಅವನ ಆಣೆ ನೆನಪಿಸಿದ. ಒಂದು ಚರ್ಚ್ ಹಬ್ಬದ ದಿನ ಐನಾರ್ ಓಜುರ್‌ನನ್ನು ಕೊಡಲಿಯಿಂದ ಕೊಂದ. ಆಮೇಲೆ ಪರಿಹಾರದ ಚೌಕಾಸಿ ನಡೆಯುತ್ತಿದ್ದಾಗ ಓಜುರ್ ಕಡೆಯವನೊಬ್ಬ ಐನಾರ್‌ನನ್ನು ಕೊಂದ. ಬಿಷಪ್ ಪೀಠ ಶುರುವಾಗಿ ಕೆಲವೇ ವರ್ಷ. ಅದನ್ನು ತಂದವನೇ ಅದರ ಆಸ್ತಿಗಾಗಿ ಸತ್ತ. ಬಾಚಣಿಗೆ ರಿಪೇರಿ ಮಾಡಿದವನೂ ಹಡಗು ಬಿಟ್ಟುಕೊಡದವನೂ ಒಬ್ಬನೇ ಬಿಷಪ್. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಈ ಸಂಸ್ಥೆಯನ್ನು ಅರ್ಥ ಮಾಡಿಕೊಳ್ಳಬೇಕು.

ಈಗ ಗಾರ್ದರ್ ಜಮೀನಿಗೆ ಬರೋಣ. ಅದು ಐನಾರ್ಸ್‌ಫ್ಯೋರ್ಡ್ ಅನ್ನುವ ಉದ್ದದ ಕಡಲ ಕೊಲ್ಲಿಯ ತುದಿಯಲ್ಲಿದೆ. ಒಂದು ಸಣ್ಣ ದಿಣ್ಣೆ ದಾಟಿದರೆ ಆಚೆ ಎರಿಕ್ಸ್‌ಫ್ಯೋರ್ಡ್, ನಾಲ್ಕು ಕಿಲೋಮೀಟರಿಗೂ ಕಡಿಮೆ ನಡಿಗೆ. ಅಂದರೆ ಎರಡು ಕೊಲ್ಲಿಗಳ ಜನರಿಗೂ ಅನುಕೂಲ. ಹುಲ್ಲು ಚೆನ್ನಾಗಿ ಬೆಳೆಯುತ್ತದೆ. ಹುಲ್ಲಿಗೆ ನೀರು ಹಾಯಿಸಲು ಗುಡ್ಡದಿಂದ ಕಾಲುವೆ ತೆಗೆದ ಗುರುತು ಇದೆ. 1926ರಲ್ಲಿ ಡೆನ್ಮಾರ್ಕಿನ ಪೌಲ್ ನೋರ್ಲುಂಡ್ ಇಲ್ಲಿ ಅಗೆದರು. ಕೆಂಪು ಮರಳುಗಲ್ಲಿನ ಪ್ರಧಾನಾಲಯ ಹೊರಗೆ ಬಂತು, ಸುಮಾರು 27 ಮೀಟರ್ ಉದ್ದ. ಥ್ಯೋದ್‌ಹಿಲ್ಡ್‌ಳ ಚರ್ಚಿನ ಅಳತೆ ನೆನಪಿದೆ ಅಲ್ವಾ? ಇದು ಸಂತ ನಿಕೋಲಸ್‌ಗೆ ಮುಡಿಪು. ನಾವಿಕರನ್ನು ಕಾಯುವ ಸಂತ ಅವನು. ಇಡೀ ಧರ್ಮಪ್ರಾಂತ್ಯ ಹಡಗನ್ನೇ ನಂಬಿದ್ದಾಗ ಇನ್ಯಾರಿಗೆ ಮುಡಿಪು ಕೊಡುತ್ತಾರೆ!

ನನಗೆ ಚರ್ಚಿಗಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಕೊಟ್ಟಿಗೆ. ಬಿಷಪ್ಪರ ಎರಡು ಕೊಟ್ಟಿಗೆಗಳಲ್ಲಿ ನೂರರಷ್ಟು ಹಸು ಕಟ್ಟುವ ಜಾಗ ಇತ್ತು. ಅಲ್ಲಿನ ಸಾಮಾನ್ಯ ರೈತನ ಹತ್ತಿರ ನಾಲ್ಕಾರು ಹಸು ಇದ್ದರೆ ಹೆಚ್ಚು. ಅಲ್ಲಿ ಹಸು ಸಾಕುವುದು ಅಂದರೆ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಒಳಗೇ ಕಟ್ಟಿ, ಬೇಸಿಗೆಯಲ್ಲಿ ಕೂಡಿಟ್ಟ ಒಣಹುಲ್ಲನ್ನು ತಿನ್ನಿಸುವುದು. ನೂರು ಹಸುವಿಗೆ ಎಷ್ಟು ಹುಲ್ಲು, ಎಷ್ಟು ಆಳು ಬೇಕು ಲೆಕ್ಕ ಹಾಕಿ. ಕೊಟ್ಟಿಗೆಯೇ ಬಿಷಪ್ಪರ ಅಧಿಕಾರದ ಅಳತೆಗೋಲು.

ಚರ್ಚಿನ ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಒಬ್ಬ ಬಿಷಪ್ಪರ ಸಮಾಧಿ ಸಿಕ್ಕಿತು. ಬೆರಳಲ್ಲಿ ಚಿನ್ನದ ಉಂಗುರ, ಪಕ್ಕದಲ್ಲಿ ಕೋಲು. ಬಿಷಪ್ ಹಿಡಿಯುವ, ತುದಿ ಬಾಗಿದ ಆ ಕೋಲು. ಹಿಡಿ ಮರದ್ದು. ಬಾಗಿದ ತುದಿ ವಾಲ್‌ರಸ್ ದಂತದಲ್ಲಿ ಕೆತ್ತಿದ್ದು. ರೋಮಿನಿಂದ ಬರುವ ಅಧಿಕಾರದ ಗುರುತು, ಕೆತ್ತಲು ಬಳಸಿದ್ದು ಗ್ರೀನ್‌ಲ್ಯಾಂಡಿನ ಸರಕು. ಅದು 1209ರಲ್ಲಿ ತೀರಿಕೊಂಡ ಬಿಷಪ್ ಯೋನ್ ಸ್ಮಿರಿಲ್ ಅಂತ ಮೊದಲು ಹೇಳುತ್ತಿದ್ದರು. ಆಮೇಲೆ ಮೂಳೆಯ ಕಾಲ ಪರೀಕ್ಷೆ ಮಾಡಿದರೆ ಅದು ಯೋನ್ ಕಾಲಕ್ಕಿಂತ ಈಚೆಗೆ, 13ನೇ ಶತಮಾನದೊಳಗೆ ಬಂತು. 1280ರಲ್ಲಿ ತೀರಿಕೊಂಡ ಬಿಷಪ್ ಓಲಾವ್ ಇರಬಹುದು ಅನ್ನುವವರಿದ್ದಾರೆ. ಇನ್ನೊಂದು ವಿಚಿತ್ರ: ಚರ್ಚಿನ ಒಳಗೆ, ಅಂಗಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಾಲ್‌ರಸ್ ತಲೆಬುರುಡೆ ಹೂತಿಟ್ಟಿದ್ದರು, ಕೆಲವು ನಾರ್ವಾಲ್ ತಿಮಿಂಗಿಲದವೂ ಇದ್ದವು. ಬೇಟೆಯ ಹಳೆಯ ನಂಬಿಕೆಯೋ, ಚರ್ಚಿಗೆ ಹರಕೆಯೋ? ಬೇಟೆಗಾರನಿಗೆ ಇವೆರಡರ ನಡುವೆ ನಾವು ಎಳೆಯುವ ಗೆರೆ ಬೇಕಾಗಿರಲಿಲ್ಲ ಅನಿಸುತ್ತದೆ.

ಯೋನ್ ಸ್ಮಿರಿಲ್ ಹೆಸರು ಬಂತಲ್ಲ, ಅವನ ಒಂದು ವಿಷಯ ಹೇಳಿಬಿಡುತ್ತೇನೆ. 1203ರ ಸುಮಾರಿಗೆ ಅವನು ಐಸ್‌ಲ್ಯಾಂಡಿನ ಸ್ಕಾಲ್‌ಹೋಲ್ಟ್‌ಗೆ, ಅಲ್ಲಿನ ಬಿಷಪ್ ಪಾಲ್ ಹತ್ತಿರ ಬಂದಿದ್ದ. ಅಲ್ಲಿ ಎಲ್ಲರಿಗೂ ಕ್ರೋಬೆರಿ ಅನ್ನುವ ಕಪ್ಪು ಕಾಡುಹಣ್ಣಿನಿಂದ ವೈನ್ ಮಾಡುವುದನ್ನು ಹೇಳಿಕೊಟ್ಟ. ನಾರ್ವೆಯ ರಾಜ ಸ್ವೆರ್ರೆಯಿಂದ ತಾನು ಕಲಿತದ್ದಂತೆ. ದ್ರಾಕ್ಷಾರಸದ ಹಡಗು ಬರದಿದ್ದರೆ ಪೂಜೆಗೆ ಏನು ಮಾಡುವುದು ಅನ್ನುವ ಚಿಂತೆ ಅದರ ಹಿಂದೆ ಇತ್ತು. ರೋಮ್ ಒಪ್ಪಲಿಲ್ಲ. 1237ರಲ್ಲಿ ಒಂಬತ್ತನೇ ಗ್ರೆಗರಿ ಪೋಪ್ ನಾರ್ವೆಯ ಆರ್ಚ್‌ಬಿಷಪ್‌ಗೆ ಖಡಾಖಂಡಿತವಾಗಿ ಬರೆದರು: ರೊಟ್ಟಿ ಗೋಧಿಯದ್ದೇ ಆಗಬೇಕು, ರಸ ದ್ರಾಕ್ಷಿಯದ್ದೇ ಆಗಬೇಕು. 1241ರಲ್ಲಿ ಇನ್ನೊಂದು ಪತ್ರ. ನೀರು ಸಿಗಲಿಲ್ಲ ಅಂತ ಮಗುವಿಗೆ ಬಿಯರ್‌ನಲ್ಲಿ ದೀಕ್ಷಾಸ್ನಾನ ಮಾಡಿಸಿದರೆ ಅದು ಲೆಕ್ಕಕ್ಕಿಲ್ಲ! ಇಟಲಿಯಲ್ಲಿ ಕೂತವರಿಗೆ ಸುಲಭ, ಅಲ್ವಾ?

ಆ ಆರ್ಚ್‌ಬಿಷಪ್ ಇದ್ದದ್ದು ನಿದರೋಸ್‌ನಲ್ಲಿ, ಅಂದರೆ ಈಗಿನ ಟ್ರಾಂಡ್‌ಹೈಮ್. 1152-53ರಲ್ಲಿ ನಾರ್ವೆಗೆ ಪ್ರತ್ಯೇಕ ಆರ್ಚ್‌ಬಿಷಪ್ ಪೀಠ ಕೊಟ್ಟಾಗ ಗಾರ್ದರ್ ಅದರ ಕೆಳಗೆ ಬಂತು. ಹಕ್ಕಿ ಹಾರಿದ ಹಾಗೆ ನೇರ ಅಳೆದರೂ ಸುಮಾರು 2800 ಕಿಲೋಮೀಟರ್. 1274ರಲ್ಲಿ ಲಿಯೋನ್ ಊರಲ್ಲಿ ಸೇರಿದ ಚರ್ಚಿನ ಮಹಾಸಭೆ ಧರ್ಮಯುದ್ಧಕ್ಕೆ ಅಂತ ಆರು ವರ್ಷದ ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ಕೇಳಿತು. ಗಾರ್ದರ್‌ಗೂ ಹೋಗಿ ವಸೂಲಿ ಮಾಡಿ ಅಂತ ಆದೇಶ. ಆರ್ಚ್‌ಬಿಷಪ್ ಯೋನ್ ಬೇಡಿಕೊಂಡರು, ನಮ್ಮಿಂದ ಆಗುವುದಿಲ್ಲ, ಹೋಗಿಬರಲು ಐದು ವರ್ಷ ಹಿಡಿದರೂ ಹಿಡಿಯಿತು ಅಂತ. ಕೊನೆಗೆ ಬೇರೆಯವರನ್ನು ಕಳಿಸಲು ಪೋಪ್ ಒಪ್ಪಿದರು. ದಶಮಾಂಶ ಬಂತು. ಯಾವ ರೂಪದಲ್ಲಿ? 1282ರಲ್ಲಿ ನಾಲ್ಕನೇ ಮಾರ್ಟಿನ್ ಪೋಪ್ ಬರೆದ ಪತ್ರದಲ್ಲಿ ಪಟ್ಟಿ ಇದೆ: ಎತ್ತಿನ ಚರ್ಮ, ಸೀಲ್ ಚರ್ಮ, ವಾಲ್‌ರಸ್ ದಂತ, ಅದರ ಚರ್ಮದಿಂದ ಹೊಸೆದ ಹಗ್ಗ. ಇವನ್ನು ಒಳ್ಳೆಯ ಬೆಲೆಗೆ ಮಾರುವುದು ಕಷ್ಟ ಅಂತ ಆರ್ಚ್‌ಬಿಷಪ್ ಗೋಳು ಹೇಳಿಕೊಂಡಿದ್ದರು. ಬೆಳ್ಳಿಯಾಗಿಯೋ ಚಿನ್ನವಾಗಿಯೋ ಬದಲಿಸಿ ಕಳಿಸಿ ಅಂತ ಪೋಪ್ ಉತ್ತರ. ಜೆರುಸಲೇಮ್ ಗೆಲ್ಲಬೇಕಾದ ಯುದ್ಧಕ್ಕೆ ಗ್ರೀನ್‌ಲ್ಯಾಂಡಿನ ಸೀಲ್ ಚರ್ಮದ ಕಾಣಿಕೆ!

ಇಲ್ಲಿ ನನ್ನ ಮುಖ್ಯ ಮಾತು ಹೇಳಬೇಕು. ಗಾರ್ದರ್ ನಿಂತದ್ದು ಎರಡರ ಮೇಲೆ, ಹಡಗು ಮತ್ತು ದಂತ. ದಂತ ಇರುವುದರಿಂದ ಹಡಗು ಬರುತ್ತದೆ. ಹಡಗು ಬರುವುದರಿಂದ ಬಿಷಪ್ ಬರುತ್ತಾರೆ. ಬಿಷಪ್ ಇರುವುದರಿಂದ ದಂತಕ್ಕೆ ಇನ್ನಷ್ಟು ಬೇಡಿಕೆ, ಏಕೆಂದರೆ ಯುರೋಪಿನ ಚರ್ಚುಗಳೇ ಅದರ ದೊಡ್ಡ ಗಿರಾಕಿ. ಶಿಲುಬೆ, ಪೆಟ್ಟಿಗೆ, ಬಿಷಪ್ಪರ ಕೋಲು, ಎಲ್ಲದಕ್ಕೂ ಬೇಕು. 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕ ಪ್ರಸಿದ್ಧ ಚದುರಂಗದ ಕಾಯಿಗಳನ್ನು ನೀವು ಚಿತ್ರದಲ್ಲಿ ನೋಡಿರಬಹುದು. ಬಹುಪಾಲು ವಾಲ್‌ರಸ್ ದಂತದವು. ಕಾಯಿಗಳಲ್ಲಿ ಕೋಲು ಹಿಡಿದ ಪುಟ್ಟ ಬಿಷಪ್‌ಗಳೂ ಇದ್ದಾರೆ. 2018ರಲ್ಲಿ ವಿಜ್ಞಾನಿಗಳು ಯುರೋಪಿನಲ್ಲಿ ಸಿಕ್ಕ ಹಳೆಯ ವಾಲ್‌ರಸ್ ಮೂಳೆಗಳ ಡಿಎನ್‌ಎ ಪರೀಕ್ಷೆ ಮಾಡಿದರು. ಸುಮಾರು 1120ರ ನಂತರದವು ಹೆಚ್ಚುಕಮ್ಮಿ ಎಲ್ಲವೂ ಪಶ್ಚಿಮ ಗ್ರೀನ್‌ಲ್ಯಾಂಡ್ ಕಡೆಯವು ಅಂತ ಗೊತ್ತಾಯಿತು. ಐನಾರ್ ದಂತ ತುಂಬಿಕೊಂಡು ಹೊರಟದ್ದು ಅದೇ ದಶಕದಲ್ಲಿ. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

ದಂತ ಮನೆ ಬಾಗಿಲಲ್ಲಿ ಸಿಗುತ್ತಿರಲಿಲ್ಲ. ಬೇಸಿಗೆಯಲ್ಲಿ ದೋಣಿ ಹತ್ತಿ ನೂರಾರು ಕಿಲೋಮೀಟರ್ ಉತ್ತರಕ್ಕೆ, ಡಿಸ್ಕೋ ಕೊಲ್ಲಿಯ ಕಡೆಗೆ ಹೋಗಬೇಕು. ಊರಲ್ಲಿ ಹುಲ್ಲು ಕೊಯ್ಯುವ ಕಾಲವೂ ಅದೇ ಬೇಸಿಗೆ. ಗಟ್ಟಿ ಆಳುಗಳೆಲ್ಲ ಬೇಟೆಗೆ ಹೋದರೆ ಹುಲ್ಲು ಕೊಯ್ಯುವವರು ಯಾರು? ಈ ಒತ್ತಡ ಪ್ರತಿ ವರ್ಷವೂ ಇತ್ತು. 1327ರಲ್ಲಿ ಪೋಪ್ ಕಡೆಯ ವಸೂಲಿಗಾರ ಬೆರ್ಗೆನ್ ಬಂದರಿನಲ್ಲಿ ಗ್ರೀನ್‌ಲ್ಯಾಂಡಿನ ಪಾಲು ಬರೆದುಕೊಂಡ: 127 ಲಿಸ್‌ಪಂಡ್ ವಾಲ್‌ರಸ್ ದಂತ. ಇವತ್ತಿನ ತೂಕಕ್ಕೆ ತಿರುಗಿಸುವಾಗ ವಿದ್ವಾಂಸರ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ, ಆದರೆ ನೂರಾರು ಪ್ರಾಣಿಗಳ ದಂತ ಅನ್ನುವುದರಲ್ಲಿ ತಕರಾರಿಲ್ಲ. ಅದನ್ನು ಒಬ್ಬ ಫ್ಲಾಂಡರ್ಸ್ ವ್ಯಾಪಾರಿ ಕೊಂಡ.

ಒಂದು ಅಡ್ಡ ಮಾತು. ಆಗ ಪೋಪ್ ಆಗಿದ್ದವರು ಆವಿಗ್ನಾನ್‌ನಲ್ಲಿದ್ದ ಇಪ್ಪತ್ತೆರಡನೇ ಜಾನ್. ಈ ದಂತದ ವಸೂಲಿ ಆಗಿ ಎರಡೇ ವರ್ಷಕ್ಕೆ, 1329ರ ಆಗಸ್ಟ್‌ನಲ್ಲಿ, ಇದೇ ಪೋಪ್ ನಮ್ಮ ಪಕ್ಕದ ಕೇರಳದ ಕೊಲ್ಲಂನಲ್ಲಿ ಒಂದು ಧರ್ಮಪ್ರಾಂತ್ಯ ಸ್ಥಾಪಿಸಿದರು. ಭಾರತದ ಮೊದಲ ಲ್ಯಾಟಿನ್ ಧರ್ಮಪ್ರಾಂತ್ಯ ಅದು. ಜೋರ್ಡಾನಸ್ ಅನ್ನುವ ಡೊಮಿನಿಕನ್ ಸಂನ್ಯಾಸಿ ಅಲ್ಲಿನ ಬಿಷಪ್. ಒಂದೇ ಕಚೇರಿಯ ಕಡತದಲ್ಲಿ ಒಂದು ಕಡೆ ಕಾಳುಮೆಣಸಿನ ಬಂದರು, ಇನ್ನೊಂದು ಕಡೆ ವಾಲ್‌ರಸ್ ದಂತದ ಕೊಲ್ಲಿ. ಕೊಲ್ಲಂ ಕಥೆಯೇ ಬೇರೆ, ಅದಕ್ಕೆ ಇನ್ನೊಂದು ಸಂಜೆ ಬೇಕು.

ಗಾರ್ದರ್‌ಗೆ ವಾಪಸ್ ಬರುತ್ತೇನೆ. 1246ರಲ್ಲಿ ಬಿಷಪ್ ಆದ ಓಲಾವ್‌ಗೆ ನಾರ್ವೆಯ ರಾಜ ಹಾಕೋನ್ ಒಂದು ಹೆಚ್ಚಿನ ಕೆಲಸ ಹಚ್ಚಿದ್ದ, ಗ್ರೀನ್‌ಲ್ಯಾಂಡಿನವರನ್ನು ತನ್ನ ಆಳ್ವಿಕೆಗೆ ಒಪ್ಪಿಸುವುದು. 1261ರಲ್ಲಿ ಅವರು ಒಪ್ಪಿಕೊಂಡರು, ತೆರಿಗೆ ಕೊಡುತ್ತೇವೆ ಅಂದರು. ಅಲ್ಲಿಂದ ಮುಂದೆ ವ್ಯಾಪಾರವೂ ರಾಜನ ಹಿಡಿತಕ್ಕೆ, ಬೆರ್ಗೆನ್ ಮೂಲಕವೇ ನಡೆಯಬೇಕು ಅನ್ನುವ ಸ್ಥಿತಿಗೆ ಬಂತು. ಥೋರ್ಡ್ ಅನ್ನುವ ಬಿಷಪ್ 1289ರಲ್ಲಿ ಬಂದು ಇಪ್ಪತ್ತು ವರ್ಷ ಇದ್ದು 1309ರಲ್ಲಿ ನಾರ್ವೆಗೆ ಮರಳಿದರು. ಅವರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ.

ಅವರ ನಂತರ ಬಂದ ಆರ್ನಿ ಬಗ್ಗೆ ಇದೆ. 1343ರಲ್ಲಿ ನಿದರೋಸ್‌ನಲ್ಲಿ, ಆರ್ನಿ ಸತ್ತುಹೋಗಿದ್ದಾರೆ ಅಂದುಕೊಂಡು, ಯೋನ್ ಸ್ಕಲ್ಲಿ ಅನ್ನುವವರಿಗೆ ಗಾರ್ದರ್ ಬಿಷಪ್ ದೀಕ್ಷೆ ಕೊಟ್ಟುಬಿಟ್ಟರು. ಆರ್ನಿ ಗ್ರೀನ್‌ಲ್ಯಾಂಡಿನಲ್ಲಿ ಗಟ್ಟಿಮುಟ್ಟಾಗಿ ಇದ್ದರು! ಸುದ್ದಿ ಬರುವುದಕ್ಕೆ ಹಡಗೇ ಇಲ್ಲದಿದ್ದರೆ ಹೀಗೇ ಆಗುವುದು. ಒಂದು ಪೀಠಕ್ಕೆ ಇಬ್ಬರು ಬಿಷಪ್. ಹೊಸಬರು ಗಾರ್ದರ್ ಕಡೆ ಹೋಗಲೇ ಇಲ್ಲ, ಕೊನೆಗೆ ಐಸ್‌ಲ್ಯಾಂಡಿನ ಹೋಲಾರ್ ಪೀಠಕ್ಕೆ ವರ್ಗ ಮಾಡಿಸಿಕೊಂಡರು.

ಇದೇ ಕಾಲದಲ್ಲಿ ಈವಾರ್ ಬಾರ್ದರ್ಸನ್ ಬರುತ್ತಾನೆ. 1341ರಲ್ಲಿ ಬೆರ್ಗೆನ್ ಬಿಷಪ್ ಅವನನ್ನು ಗ್ರೀನ್‌ಲ್ಯಾಂಡಿಗೆ ಕಳಿಸಿದರು. ಗಾರ್ದರ್ ಜಮೀನಿನ ಮೇಲ್ವಿಚಾರಣೆ ಅವನದಾಯಿತು. ನಮ್ಮ ಮಠಗಳ ಪಾರುಪತ್ಯಗಾರರ ಹಾಗೆ ಅನ್ನಿ. ಆಮೇಲೆ ಅವನು ಹೇಳಿದ್ದನ್ನು ಯಾರೋ ಬರೆದಿಟ್ಟರು. ಪಾರುಪತ್ಯಗಾರನ ಕಣ್ಣು ಹೇಗಿರುತ್ತದೆ ನೋಡಿ. ಈ ಕೊಲ್ಲಿ ಪೂರ್ತಿ ಪ್ರಧಾನಾಲಯದ್ದು, ಆ ದ್ವೀಪದಲ್ಲಿ ಹಿಮಸಾರಂಗ ಬೇಟೆಗೆ ಬಿಷಪ್ ಅಪ್ಪಣೆ ಬೇಕು, ಅದೇ ದ್ವೀಪದಲ್ಲಿ ಒಳ್ಳೆಯ ಬಳಪದ ಕಲ್ಲು ಸಿಗುತ್ತದೆ, ಹತ್ತು-ಹನ್ನೆರಡು ಪೀಪಾಯಿ ಹಿಡಿಸುವಷ್ಟು ದೊಡ್ಡ ಪಾತ್ರೆ ಕೆತ್ತುತ್ತಾರೆ, ಇಂಥಲ್ಲಿ ಸಂನ್ಯಾಸಿನಿಯರ ಮಠ, ಅದರ ಹತ್ತಿರ ಬಿಸಿನೀರ ಬುಗ್ಗೆ, ಚಳಿಗಾಲದಲ್ಲಿ ಮುಟ್ಟಲಾಗದಷ್ಟು ಬಿಸಿ, ಬೇಸಿಗೆಯಲ್ಲಿ ಸ್ನಾನ ಮಾಡಿದರೆ ರೋಗ ವಾಸಿ. ಆ ಬುಗ್ಗೆ ಉನಾರ್ತೊಕ್ ದ್ವೀಪದಲ್ಲಿ ಈಗಲೂ ಇದೆ, ಪ್ರವಾಸಿಗರು ಹೋಗಿ ನೀರಲ್ಲಿ ಕೂರುತ್ತಾರೆ.

ಅದೇ ಈವಾರ್ ಪಶ್ಚಿಮ ವಸಾಹತಿಗೂ ಹೋಗಿದ್ದ. ಅಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ, ಕ್ರೈಸ್ತನೂ ಇಲ್ಲ, ಬೇರೆಯವನೂ ಇಲ್ಲ. ಯಜಮಾನರಿಲ್ಲದ ದನ, ಕುರಿ ಅಲೆಯುತ್ತಿದ್ದವು. ಹಡಗಿಗೆ ಹಿಡಿಸುವಷ್ಟು ತುಂಬಿಕೊಂಡು ವಾಪಸ್ ಬಂದರಂತೆ. ಜನ ಎಲ್ಲಿ ಹೋದರು ಅನ್ನುವ ಪ್ರಶ್ನೆಗೆ ಅವನ ವರದಿಯಲ್ಲಿ ಜಾಗ ಇಲ್ಲ, ದನಗಳಿಗೆ ಇದೆ.

1349ರಲ್ಲಿ ನಾರ್ವೆಗೆ ಪ್ಲೇಗ್ ಬಂತು. ಆರ್ಚ್‌ಬಿಷಪ್ ಸತ್ತರು. ನಾರ್ವೆ ನೆಲದ ಬಿಷಪ್‌ಗಳಲ್ಲಿ ಉಳಿದದ್ದು ಓಸ್ಲೋದ ಸಾಲೊಮೊನ್ ಒಬ್ಬರೇ. ಹಡಗು ಕಳಿಸುವವರು ಯಾರು, ಬಿಷಪ್ ಆಗಲು ಹೋಗುವವರು ಯಾರು? ಅದೇ ಶತಮಾನದಲ್ಲಿ ಆಫ್ರಿಕಾದ ಆನೆ ದಂತ ಯುರೋಪಿಗೆ ಧಾರಾಳವಾಗಿ ಬರತೊಡಗಿತ್ತು. ಅದು ದೊಡ್ಡದು, ನುಣುಪು. ಅದರ ಮುಂದೆ ವಾಲ್‌ರಸ್ ದಂತ ಸಪ್ಪೆ. ಆರ್ನಿ ಆದ ಮೇಲೆ ಸುಮಾರು ಇಪ್ಪತ್ತು ವರ್ಷ ಗಾರ್ದರ್‌ನಲ್ಲಿ ಬಿಷಪ್ ಇರಲಿಲ್ಲ. 1368ರಲ್ಲಿ ಆಲ್ಫ್ ಬಂದರು. ಹತ್ತು ವರ್ಷದಲ್ಲಿ ತೀರಿಕೊಂಡರು. ಆ ಸುದ್ದಿ ನಾರ್ವೆಗೆ ಮುಟ್ಟಿದ್ದು 1383ರಲ್ಲಿ. ಗಾರ್ದರ್‌ನಲ್ಲಿ ಬದುಕಿದ ಕೊನೆಯ ಬಿಷಪ್ ಅವರೇ.

ಹಾಗಂತ ಮಾರನೇ ದಿನವೇ ಎಲ್ಲ ಮುಗಿಯಲಿಲ್ಲ. ಇದು ಜನ ಮರೆಯುವ ವಿಷಯ. 1407ರಲ್ಲಿ ಕೊಲ್‌ಗ್ರಿಮ್ ಅನ್ನುವವನನ್ನು, ಮಾಟ ಮಾಡಿ ಇನ್ನೊಬ್ಬನ ಹೆಂಡತಿಯನ್ನು ಸೆಳೆದ ಅಂತ, ಸುಟ್ಟು ಕೊಂದರು. ಮರುವರ್ಷ ಸೆಪ್ಟೆಂಬರಿನಲ್ಲಿ ಪೂರ್ವ ವಸಾಹತಿನ ಹ್ವಾಲ್ಸೇ ಚರ್ಚಿನಲ್ಲಿ ಒಂದು ಮದುವೆ. ಗಂಡು ಐಸ್‌ಲ್ಯಾಂಡಿನ ಥೋರ್‌ಸ್ಟೈನ್ ಓಲಾವ್ಸನ್, ಹೆಣ್ಣು ಸಿಗ್ರಿದ್ ಬ್ಯೋರ್ನ್ಸ್‌ದೊತ್ತಿರ್. ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಿ, ಆಕ್ಷೇಪಣೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಮದುವೆ ಮಾಡಿಸಿದ್ದರು. 1409ರ ಏಪ್ರಿಲ್‌ನಲ್ಲಿ ಗಾರ್ದರ್‌ನಲ್ಲಿ ಇಬ್ಬರು ಪಾದ್ರಿಗಳು ಅದಕ್ಕೆ ಪ್ರಮಾಣಪತ್ರ ಬರೆದುಕೊಟ್ಟರು. ಬಿಷಪ್ ಇಲ್ಲದೆ ಮೂವತ್ತು ವರ್ಷ ಆಗಿತ್ತು. ಆದರೂ ಕಚೇರಿ ನಡೆಯುತ್ತಿತ್ತು, ನಿಯಮ ತಪ್ಪಿರಲಿಲ್ಲ. ದಂಪತಿ ಐಸ್‌ಲ್ಯಾಂಡಿಗೆ ಹೊರಟರು. ಈ ಮದುವೆಯ ವಿವರ ನಮಗೆ ಗೊತ್ತಿರುವುದು ಮುಖ್ಯವಾಗಿ ಅವರು ತೆಗೆದುಕೊಂಡು ಹೋದ ಕಾಗದದಿಂದ. ಆಮೇಲೆ ಅಲ್ಲಿಂದ ಯಾವ ಕಾಗದವೂ ಇಲ್ಲ.

ಒಬ್ಬರು ಚೀಟಿ ಕಳಿಸಿದ್ದಾರೆ: ಇಷ್ಟು ಬಡ ಜನರ ಮೇಲೆ ಇಷ್ಟು ದೊಡ್ಡ ಚರ್ಚಿನ ಭಾರ ಹೇರಿದ್ದಕ್ಕೇ ಆ ಸಮಾಜ ಮುರಿದುಬಿತ್ತಾ? ಈ ವಾದ ಇದೆ. ನೂರು ಹಸುವಿನ ಕೊಟ್ಟಿಗೆ ನೋಡಿದರೆ ಹಾಗೆ ಅನಿಸುವುದು ಸಹಜ. ನನಗೆ ಮಾತ್ರ ಪೂರ್ತಿ ಒಪ್ಪಿಗೆ ಇಲ್ಲ. ಒಂದು, ಆ ಜನ ಬದಲಾಗದೆ ಕೂತಿರಲಿಲ್ಲ. ಸಮಾಧಿಯ ಮೂಳೆಗಳನ್ನು ಪರೀಕ್ಷಿಸಿದಾಗ ಗೊತ್ತಾದದ್ದು, ಮೊದಲು ಅವರ ಆಹಾರದಲ್ಲಿ ಕಡಲಿನದ್ದು ನೂರಕ್ಕೆ ಇಪ್ಪತ್ತು ಭಾಗ ಇದ್ದರೆ ಕೊನೆಕೊನೆಗೆ ಎಂಬತ್ತರ ತನಕ ಏರಿತ್ತು. ಚಳಿ ಹೆಚ್ಚಿದಂತೆ ಹಸುವಿನಿಂದ ಸೀಲ್ ಕಡೆಗೆ ತಿರುಗಿದರು. ಎರಡು, ಚರ್ಚ್ ಇಲ್ಲದಿದ್ದರೆ ಹಡಗು ಬರಲು ಇನ್ನೊಂದು ಕಾರಣವೇ ಕಡಿಮೆಯಾಗುತ್ತಿತ್ತು. ಕಬ್ಬಿಣ, ಮರ, ಸುದ್ದಿ, ಎಲ್ಲ ಬಂದದ್ದು ಬಿಷಪ್ ಬಂದ ದಾರಿಯಲ್ಲೇ. ದಶಮಾಂಶ ಭಾರವಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರೇ ಹಿಮಕರಡಿ ಕೊಟ್ಟು ಬೇಡಿ ತಂದುಕೊಂಡ ಪೀಠ ಅದು. ಚಳಿ, ದಂತದ ಬೆಲೆ, ನಾರ್ವೆಯ ಪ್ಲೇಗ್, ಚದುರಿಹೋಗುವಷ್ಟು ಕಡಿಮೆ ಜನ, ಎಲ್ಲ ಒಂದೇ ಶತಮಾನದಲ್ಲಿ ಬಂದೆರಗಿದವು.

ರೋಮ್ ಮಾತ್ರ ಹೆಸರು ಬಿಡಲಿಲ್ಲ. ಆಲ್ಫ್ ಆದ ಮೇಲೂ ಗಾರ್ದರ್‌ಗೆ ಬಿಷಪ್‌ಗಳನ್ನು ನೇಮಿಸುತ್ತಲೇ ಇದ್ದರು. ಯಾರೂ ಹೋಗಲಿಲ್ಲ. ಇವರಲ್ಲಿ ಒಬ್ಬ ಮಥಿಯಾಸ್, ಬೆನೆಡಿಕ್ಟೈನ್ ಸಂನ್ಯಾಸಿ. ಅವನು ನಿಜವಾಗಿಯೂ ಹೋಗುತ್ತೇನೆ ಅಂತ ಮುಂದೆ ಬಂದಿದ್ದ. ಆರನೇ ಅಲೆಕ್ಸಾಂಡರ್ ಪೋಪ್ ಅವನ ಬಗ್ಗೆ ಬರೆದ ಪತ್ರ ಉಳಿದಿದೆ. ಪೋಪ್ ಕಿವಿಗೆ ಬಿದ್ದಿದ್ದ ಸುದ್ದಿ ಏನೆಂದರೆ, ನೀರು ಹೆಪ್ಪುಗಟ್ಟುವುದರಿಂದ ಎಂಬತ್ತು ವರ್ಷದಿಂದ ಅಲ್ಲಿಗೆ ಹಡಗು ಹೋಗಿಲ್ಲ. ಜನ ಒಣಮೀನು, ಹಾಲು ತಿಂದು ಬದುಕುತ್ತಾರೆ. ಬಿಷಪ್ ಇಲ್ಲ, ಪಾದ್ರಿಯೂ ಇಲ್ಲ. ಬಹಳ ಜನ ನಂಬಿಕೆಯನ್ನೇ ಬಿಟ್ಟಿದ್ದಾರೆ. ಉಳಿದವರ ಹತ್ತಿರ ಇರುವುದು ಒಂದು ಬಟ್ಟೆ. ನೂರು ವರ್ಷದ ಹಿಂದೆ ಕೊನೆಯ ಪಾದ್ರಿ ಪೂಜೆ ಮಾಡುವಾಗ ಪೀಠದ ಮೇಲೆ ಹಾಸಿದ್ದ ಬಟ್ಟೆ. ವರ್ಷಕ್ಕೊಮ್ಮೆ ಅದನ್ನು ಹೊರಗೆ ತೆಗೆದು ಎಲ್ಲರಿಗೂ ತೋರಿಸುತ್ತಾರಂತೆ. ಮಥಿಯಾಸ್ ಬಡವ, ನೇಮಕದ ಶುಲ್ಕ ತೆಗೆದುಕೊಳ್ಳಬೇಡಿ ಅಂತ ಪೋಪ್ ತಮ್ಮ ಗುಮಾಸ್ತರಿಗೆ ಹೇಳುತ್ತಾರೆ. ಅಲೆಕ್ಸಾಂಡರ್ ಪೋಪ್ ಆದದ್ದು 1492ರಲ್ಲಿ. ಕೊಲಂಬಸ್ ಹೊರಟ ವರ್ಷ. ವಿನ್‌ಲ್ಯಾಂಡ್ ಹುಡುಕಿ ಹೋದ ಬಿಷಪ್ ಇದ್ದ ನಾಡನ್ನು ಯುರೋಪು ಹೆಚ್ಚುಕಮ್ಮಿ ಮರೆತಿದ್ದ ಹೊತ್ತು. ಮಥಿಯಾಸ್ ಅಲ್ಲಿಗೆ ತಲುಪಿದ ದಾಖಲೆ ಇಲ್ಲ. 1519ರ ಸುಮಾರಿಗೆ ಡೆನ್ಮಾರ್ಕ್ ರಾಜನ ಪಾದ್ರಿ ವಿನ್ಸೆಂಟ್ ಕಾಂಪೆಯನ್ನೂ ಗಾರ್ದರ್‌ಗೆ ನೇಮಿಸಿದ್ದರು, ಅವನೂ ಹೋಗಲಿಲ್ಲ. 1537ರಲ್ಲಿ ಡೆನ್ಮಾರ್ಕ್-ನಾರ್ವೆ ಲುಥೆರನ್ ಆಯಿತು, ನಿದರೋಸ್‌ನಲ್ಲೇ ಕೆಥೋಲಿಕ್ ಆರ್ಚ್‌ಬಿಷಪ್ ಇಲ್ಲವಾದರು.

1721ರಲ್ಲಿ ಹಾನ್ಸ್ ಎಗೆದೆ ಅನ್ನುವ ಲುಥೆರನ್ ಪಾದ್ರಿ ಗ್ರೀನ್‌ಲ್ಯಾಂಡಿಗೆ ಬಂದ. ಹಳೆಯ ನಾರ್ಸ್ ಜನ, ಅಂದರೆ ಎರಿಕ್ ಜೊತೆ ಬಂದವರ ವಂಶದವರು, ಇನ್ನೂ ಅಲ್ಲಿದ್ದಾರೆ, ಪಾಪ ಕೆಥೋಲಿಕರಾಗೇ ಉಳಿದಿರಬೇಕು, ಲುಥರ್ ಶುರು ಮಾಡಿದ ಚರ್ಚ್ ಸುಧಾರಣೆಯ ಸುದ್ದಿಯೇ ಮುಟ್ಟಿರಲಿಕ್ಕಿಲ್ಲ, ತಾನು ತಲುಪಿಸುತ್ತೇನೆ ಅಂತ ಅವನ ಲೆಕ್ಕ. ಸಿಕ್ಕದ್ದು ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳಾದ ಇನ್ಯೂಟ್ ಜನ ಮಾತ್ರ. ಪೂರ್ವ ವಸಾಹತು ಪೂರ್ವ ಕರಾವಳಿಯಲ್ಲೇ ಇರಬೇಕು ಅಂತ ನಂಬಿದ್ದ. ಹ್ವಾಲ್ಸೇ ಚರ್ಚಿನ ಗೋಡೆಗಳನ್ನು ಕಣ್ಣಾರೆ ನೋಡಿಯೂ, ತಾನು ಅದೇ ವಸಾಹತಿನ ನಡುವೆ ನಿಂತಿದ್ದೇನೆ ಅಂತ ಅವನಿಗೆ ಹೊಳೆಯಲಿಲ್ಲ. 1780ರ ದಶಕದಲ್ಲಿ ನಾರ್ವೆಯ ಆಂಡರ್ಸ್ ಓಲ್ಸೆನ್ ಮತ್ತು ಅವನ ಇನ್ಯೂಟ್ ಹೆಂಡತಿ ತುಪೆರ್ನಾ ಗಾರ್ದರ್‌ನ ಜಾಗದಲ್ಲಿ ಮನೆ ಮಾಡಿ ದನ ಸಾಕತೊಡಗಿದರು. ಪ್ರಧಾನಾಲಯದ ಕೆಂಪು ಕಲ್ಲು ಅಲ್ಲಿನ ಮನೆಗಳ ಗೋಡೆಗೆ ಹೋಯಿತು. 2017ರಲ್ಲಿ ಈ ಪ್ರದೇಶ ಯುನೆಸ್ಕೋ ಪಟ್ಟಿಗೆ ಸೇರಿತು, ಇಗಾಲಿಕುವಿನಲ್ಲಿ ಈಗ ಕುರಿ ಸಾಕಣೆ ನಡೆಯುತ್ತದೆ.

ಬಿಷಪ್? ಇದ್ದಾರೆ. ಹಳೆಯ, ಜನ ಇಲ್ಲದ ಪೀಠಗಳ ಹೆಸರನ್ನು ಸಹಾಯಕ ಬಿಷಪ್‌ಗಳಿಗೆ ಬಿರುದಾಗಿ ಕೊಡುವ ಪದ್ಧತಿ ಕೆಥೋಲಿಕ್ ಚರ್ಚಿನಲ್ಲಿದೆ. 1990ರ ದಶಕದಲ್ಲಿ ಗಾರ್ದರ್ ಆ ಪಟ್ಟಿಗೆ ಸೇರಿತು. 2001ರಲ್ಲಿ ಆ ಬಿರುದು ಸಿಕ್ಕಿದ್ದು ಲಾಸ್ ಏಂಜಲೀಸ್‌ನ ಸಹಾಯಕ ಬಿಷಪ್ ಒಬ್ಬರಿಗೆ. ಗ್ರೀನ್‌ಲ್ಯಾಂಡಿನ ಈಗಿನ ಕೆಥೋಲಿಕರ ಆಡಳಿತ ಕೋಪನ್‌ಹೇಗನ್ ಬಿಷಪ್ಪರದ್ದು, ಅವರ ಚರ್ಚ್ ನೂಕ್‌ನಲ್ಲಿದೆ.